ಕಣ್ಣಿಗೆ ಅನ್‌ಫಿಟ್ ಆದ ಮಗ, ಇಂದ್ರಲಾಲ್ ರಾಯನ ಮೋಟಾರ್‌ಸೈಕಲ್

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 18 ವರ್ಷ. ಸೇನಾ ಅಧಿಕಾರಿಗಳ ತರಬೇತಿಯ ಎನ್‌ಡಿಎ ಲಿಖಿತ ಪರೀಕ್ಷೆ, ಎಸ್‌ಎಸ್‌ಬಿ ಆಯ್ಕೆ ಸಂದರ್ಶನ ಎರಡನ್ನೂ ಪಾಸು ಮಾಡಿದ. ಏರ್‌ಫೋರ್ಸ್ ಫ್ಲೈಯಿಂಗ್ ಬ್ರಾಂಚಿನ ಮೆಡಿಕಲ್‌ನಲ್ಲಿ ಕಣ್ಣಿನ ಕಾರಣಕ್ಕೆ ಅನ್‌ಫಿಟ್ ಅಂದರು. ಬಲಗಣ್ಣು ಮೈನಸ್ 0.75, ಎಡಗಣ್ಣು ಮೈನಸ್ 0.5. ಅವತ್ತಿನಿಂದ ಇಂದ್ರಲಾಲ್ ರಾಯ್ ಅನ್ನುವ ಪೈಲಟ್ ಕಥೆಯನ್ನೇ ಓದುತ್ತಾ ಕೂತಿದ್ದಾನೆ. ಮೊದಲನೇ ಮಹಾಯುದ್ಧದಲ್ಲಿ ಆ ಹುಡುಗನನ್ನೂ ಕಣ್ಣು ಸರಿಯಿಲ್ಲ ಅಂತ ವಾಪಸ್ ಕಳಿಸಿದ್ದರಂತೆ. ಅವನು ಬೈಕ್ ಮಾರಿ, ದೊಡ್ಡ ಡಾಕ್ಟರರಿಗೆ ತೋರಿಸಿ, ಸೇರಿಯೇ ಬಿಟ್ಟನಂತೆ. ಸತ್ತನೆಂದು ಶವಾಗಾರಕ್ಕೆ ಹಾಕಿದ ಮೇಲೂ ಎದ್ದು ಬಂದು 13 ದಿನದಲ್ಲಿ 10 ವಿಮಾನ ಕೆಡವಿದನಂತೆ. "ಅವನಿಗಾದದ್ದು ನನಗೆ ಯಾಕಾಗಲ್ಲ?" ಅಂತ ಮಗ ಕೇಳುತ್ತಾನೆ. ಈ ನಡುವೆ ಏಜೆಂಟ್ ಒಬ್ಬ, "ಈಗಲೇ ಲೇಸರ್ ಮಾಡಿಸಿಬಿಡಿ, ಬೋರ್ಡಿನಲ್ಲಿ ನಾನು ನೋಡಿಕೊಳ್ತೀನಿ" ಅಂದಿದ್ದಾನೆ. ಮನೆಯವರು ಸಾಲಕ್ಕೂ ತಯಾರಾಗಿದ್ದಾರೆ. ಆ ಕಥೆ ಎಷ್ಟು ನಿಜ? ಆ ಹುಡುಗನ ತಾಯಿ ಹೇಗೆ ಒಪ್ಪಿದರು? ಇನ್ನೊಂದು ಮಾತು, ಯಾರಿಗೂ ಹೇಳಿಲ್ಲ. ಅನ್‌ಫಿಟ್ ಅಂದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ಅದು ತಪ್ಪಾ?
— ಒಬ್ಬ ತಾಯಿ, ತುಮಕೂರು

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಕಾಣುತ್ತಿವೆ: ಮಗನ ಕಣ್ಣು, ಇಂದ್ರಲಾಲನ ಕಥೆ, ನಿಮ್ಮ ಮನಸ್ಸು. ಏಜೆಂಟನದು ಪ್ರಶ್ನೆಯೇ ಅಲ್ಲ, ಅದನ್ನು ಇಲ್ಲೇ ಮುಗಿಸುತ್ತೇನೆ. ಅವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ವಾಯುಪಡೆಯ ವೈದ್ಯನಾಗಿ ನಾನು ಮೆಡಿಕಲ್ ಬೋರ್ಡಿನ ಮೇಜಿನ ಆ ಕಡೆ ವರ್ಷಗಟ್ಟಲೆ ಕೂತವನು. ಅಲ್ಲಿ "ನೋಡಿಕೊಳ್ಳುವವರು" ಯಾರೂ ಇರುವುದಿಲ್ಲ. ಇಂಥವರು ನೂರು ಹುಡುಗರಿಂದ ದುಡ್ಡು ತೆಗೆದುಕೊಳ್ಳುತ್ತಾರೆ. ಹೇಗಿದ್ದರೂ ಪಾಸಾಗುತ್ತಿದ್ದ ನಾಲ್ಕು ಜನರನ್ನು ತಾವೇ ಪಾಸು ಮಾಡಿಸಿದ್ದು ಎನ್ನುತ್ತಾರೆ, ಉಳಿದವರ ಫೋನ್ ಎತ್ತುವುದಿಲ್ಲ.

ಇನ್ನು ಇಂದ್ರಲಾಲ್ ರಾಯ್. ಅಷ್ಟು ದೊಡ್ಡ ಹೆಸರಿನವನನ್ನು "ಅವನು" ಎಂದು ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಸಾಯುವಾಗ ಅವನಿಗಿನ್ನೂ 20 ತುಂಬಿರಲಿಲ್ಲ. ಮನೆಯಲ್ಲಿ ಅವನನ್ನು ಕರೆಯುತ್ತಿದ್ದದ್ದು ಲ್ಯಾಡಿ ಎಂದು.

ಹುಟ್ಟಿದ್ದು 1898ರ ಡಿಸೆಂಬರ್ 2ರಂದು, ಕಲ್ಕತ್ತೆಯಲ್ಲಿ. ಮನೆತನದ ಮೂಲ ಈಗ ಬಾಂಗ್ಲಾದೇಶದಲ್ಲಿರುವ ಬಾರಿಸಾಲ್ ಸೀಮೆ, ಜಮೀನ್ದಾರರು. ತಂದೆ ಬ್ಯಾರಿಸ್ಟರ್. ತಾಯಿ ಲೋಲಿತಾ ರಾಯ್ 20ನೇ ಶತಮಾನದ ಆರಂಭದಲ್ಲೇ ಆರು ಮಕ್ಕಳನ್ನು ಕಟ್ಟಿಕೊಂಡು ಲಂಡನ್ನಿಗೆ ಹೋಗಿ, ಅವರ ಓದಿಗಾಗಿ ಅಲ್ಲೇ ಮನೆ ಮಾಡಿದವರು. ಹುಡುಗ ಓದಿದ್ದು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ. 1917ರ ಏಪ್ರಿಲ್‌ನಲ್ಲಿ ರಾಯಲ್ ಫ್ಲೈಯಿಂಗ್ ಕೋರ್, ಎಂದರೆ ಆಗಿನ ಬ್ರಿಟಿಷ್ ಸೈನ್ಯದ ವಿಮಾನದಳ, ಸೇರಿದ, ಜುಲೈ 5ಕ್ಕೆ ಸೆಕೆಂಡ್ ಲೆಫ್ಟಿನೆಂಟ್ ಆದ. ನಿಮ್ಮ ಮಗನ ವಯಸ್ಸೇ, 18.

ಕಣ್ಣಿನ ಕಥೆಗೆ ಬರೋಣ. ಮೊದಲು ದೃಷ್ಟಿದೋಷವೆಂದು ತಿರಸ್ಕರಿಸಿದರು, ಅವನು ತನ್ನ ಮೋಟಾರ್‌ಸೈಕಲ್ ಮಾರಿದ ಹಣದಲ್ಲಿ ಬ್ರಿಟನ್ನಿನ ಹೆಸರಾಂತ ನೇತ್ರತಜ್ಞರೊಬ್ಬರಿಗೆ ತೋರಿಸಿದ, ಅವರ ಅಭಿಪ್ರಾಯದ ಮೇಲೆ ಮೊದಲ ತೀರ್ಮಾನ ಬದಲಾಯಿತು. ಅವನ ಬಗ್ಗೆ ಬರೆದವರೆಲ್ಲ ಇದನ್ನು ಹೇಳುತ್ತಾರೆ. ವೈದ್ಯನಾಗಿ ನನಗೆ ಇದರಲ್ಲಿ ನಂಬಲಾಗದ್ದೇನೂ ಕಾಣುವುದಿಲ್ಲ. ಆಗ ವಿಮಾನಯಾನ ವೈದ್ಯಶಾಸ್ತ್ರವೇ ಅಂಬೆಗಾಲಿಡುತ್ತಿತ್ತು. ಅವಸರದಲ್ಲಿ ಮಾಡುವ ಪರೀಕ್ಷೆ ಒಬ್ಬರ ಕೈಯಲ್ಲಿ ಒಂದು ಥರ, ಇನ್ನೊಬ್ಬರ ಕೈಯಲ್ಲಿ ಇನ್ನೊಂದು ಥರ ಬಂದಿದ್ದರೆ ಆಶ್ಚರ್ಯವಿಲ್ಲ.

ಆದರೆ ನಿಮ್ಮ ಮಗ ಈ ಕಥೆಯನ್ನು "ಡಾಕ್ಟರ್ ಬೇಡವೆಂದರೂ ಹಟ ಹಿಡಿದರೆ ಆಗುತ್ತದೆ" ಎಂದು ಓದಿಕೊಂಡಿದ್ದಾನೆ. ನನಗೆ ಕಾಣುವುದು ಬೇರೆ. ಆ ಹುಡುಗ ತನ್ನ ಕಣ್ಣನ್ನು ಮರೆಮಾಚಲಿಲ್ಲ. ಇನ್ನಷ್ಟು ಚೆನ್ನಾಗಿ ಬಲ್ಲವರ ಮುಂದೆ ಅದೇ ಕಣ್ಣನ್ನು ಇನ್ನೊಮ್ಮೆ ಒಡ್ಡಿದ. ಬೈಕ್ ಮಾರಿದ ದುಡ್ಡು ಹೋದದ್ದು ಎರಡನೇ ಪರೀಕ್ಷೆಗೆ. ನಿಮ್ಮ ಏಜೆಂಟ್ ದುಡ್ಡು ಕೇಳುತ್ತಿರುವುದು ಪರೀಕ್ಷೆ ತಪ್ಪಿಸಲಿಕ್ಕೆ.

ಇದೇ ಜಾತಿಯ ಇನ್ನೊಂದು ಕಥೆಯನ್ನೂ ಮಗ ಹುಡುಕಿ ತರಬಹುದು, ಈಗಲೇ ಹೇಳಿಬಿಡುತ್ತೇನೆ. ಇಂದ್ರಲಾಲ್ ಕೊನೆಗೆ ಇದ್ದ 40ನೇ ಸ್ಕ್ವಾಡ್ರನ್‌ನಲ್ಲಿ ಅವನಿಗಿಂತ ಮೊದಲು ಮ್ಯಾನಾಕ್ ಎಂಬ ಪ್ರಸಿದ್ಧ ಪೈಲಟ್ ಇದ್ದ. ಅವನ ಒಂದು ಕಣ್ಣು ಪೂರ್ತಿ ಹೋಗಿತ್ತು, ಚಾರ್ಟಿನ ಅಕ್ಷರ ಬಾಯಿಪಾಠ ಮಾಡಿ ಪಾಸಾದ ಎನ್ನುವುದು ದಂತಕಥೆ. ಅದನ್ನು ಒಪ್ಪದ ಇತಿಹಾಸಕಾರರಿದ್ದಾರೆ, ನಾನೂ ಒಪ್ಪುವುದಿಲ್ಲ. ಚಾರ್ಟನ್ನು ಬಾಯಿಪಾಠ ಮಾಡಬಹುದು, ಆಕಾಶವನ್ನು ಮಾಡಲಾಗದು.

ಈಗ ಶವಾಗಾರ. ಇಂದ್ರಲಾಲ್ 1917ರ ಅಕ್ಟೋಬರ್ 30ರಂದು 56ನೇ ಸ್ಕ್ವಾಡ್ರನ್ ಸೇರಿದ, ಡಿಸೆಂಬರ್ 6ರಂದು ಅವನ ಎಸ್.ಇ.5ಎ ವಿಮಾನ ಅಪಘಾತಕ್ಕೀಡಾಯಿತು. ಇಷ್ಟು ದಾಖಲಾದ ಸಂಗತಿ. ಸತ್ತನೆಂದು ಶವಗಳ ಜೊತೆ ಮಲಗಿಸಿದ್ದರು, ಎಚ್ಚರವಾಗಿ ಮುರುಕು ಫ್ರೆಂಚಿನಲ್ಲಿ ಕೂಗುತ್ತಾ ಬಾಗಿಲು ಬಡಿದ, ಕಾವಲಿನವನು ಭೂತವೆಂದು ಹೆದರಿ ತೆರೆಯಲೇ ಇಲ್ಲ ಎನ್ನುವುದು ಹೇಳಿಕೊಂಡು ಬಂದ ಕಥೆ. ಬಾಗಿಲು, ಭೂತ, ಫ್ರೆಂಚು ಹೇಳುವವರ ಬಾಯಲ್ಲಿ ಬೆಳೆದಿದ್ದರೂ ಬೆಳೆದಿರಬಹುದು. ತಿರುಳು ಮಾತ್ರ ಅಸಾಧ್ಯವಾದದ್ದಲ್ಲ. ಡಿಸೆಂಬರ್ ತಿಂಗಳ ಉತ್ತರ ಫ್ರಾನ್ಸ್, ತಲೆಗೆ ಪೆಟ್ಟು ಬಿದ್ದು ಆಳವಾದ ಪ್ರಜ್ಞಾಹೀನತೆ, ಮೈ ತಣ್ಣಗಾದಾಗ ನಾಡಿಯೂ ಉಸಿರೂ ಕೈಗೆ ಸಿಗದಷ್ಟು ಸಣ್ಣದಾಗುವುದು, ಗಾಯಾಳುಗಳಿಂದ ತುಂಬಿದ ಆಸ್ಪತ್ರೆ. ಮೈ ಬೆಚ್ಚಗಾಗುವವರೆಗೆ ಯಾರನ್ನೂ ಸತ್ತರೆಂದು ಹೇಳಬೇಡಿ ಎಂದು ನಾವು ಇವತ್ತಿಗೂ ಹೊಸ ವೈದ್ಯರಿಗೆ ಹೇಳಿಕೊಡುತ್ತೇವೆ. ಎಂದರೆ ಇಂಥ ತಪ್ಪು ಆಗುತ್ತದೆ ಎಂದೇ ಅರ್ಥ.

ಈ ಕಥೆ ಹೇಳುವವರು ಶವಾಗಾರದಲ್ಲಿ ಮೈಮರೆತು ಮುಂದಿನ ಮಾತನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಅಲ್ಲೇ ಕಾಲು ನಿಲ್ಲುತ್ತದೆ. ಆ ಪೆಟ್ಟಿನ ಮೇಲೆ ವೈದ್ಯರು ಅವನನ್ನು ಹಾರಾಟಕ್ಕೆ ಅನ್‌ಫಿಟ್ ಎಂದರು. ಆಸ್ಪತ್ರೆಯಲ್ಲಿ ಮಲಗಿ ಅವನು ವಿಮಾನಗಳ ಚಿತ್ರ ಬಿಡಿಸಿದ, ಆ ರೇಖಾಚಿತ್ರಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಮೇಲಿನವರನ್ನು ಕಾಡಿ ಬೇಡಿ, 1918ರ ಜೂನ್ 19ಕ್ಕೆ 40ನೇ ಸ್ಕ್ವಾಡ್ರನ್‌ಗೆ ಬಂದ. ತಲೆಗೆ ಅಂಥ ಪೆಟ್ಟು ಬಿದ್ದವರನ್ನು ಇಂದು ನಾವು ತಿಂಗಳುಗಟ್ಟಲೆ ನೆಲದ ಮೇಲೇ ಇಡುತ್ತೇವೆ. ಅಪಸ್ಮಾರ ಬರಬಹುದು, ಲೆಕ್ಕ ಹಾಕುವ ವೇಗ ಕುಗ್ಗಿರಬಹುದು, ಅದು ಅವರ ಅರಿವಿಗೇ ಬಾರದಿರಬಹುದು. "ನಾನು ಸರಿ ಇದ್ದೀನಿ ಸಾರ್" ಎನ್ನದ ಪೈಲಟ್‌ನನ್ನು ನಾನು ನೋಡಿಲ್ಲ.

ಹಾಗೆಂದು ಆ ಪೆಟ್ಟೇ ಅವನ ಪ್ರಾಣ ತೆಗೆಯಿತು ಎಂದು ಹೇಳಿದರೆ ಅದು ನನ್ನ ಕಟ್ಟುಕಥೆಯಾದೀತು. ಏಕೆಂದರೆ ಬಂದ ಮೇಲೆ ಅವನು ಹಾರಿಸಿದ ರೀತಿ ಬೇರೆಯದೇ ಆಗಿತ್ತು. ಜುಲೈ 6ರಂದು ಮೊದಲ ವಿಮಾನ ಕೆಡವಿದ. 8ರಂದು ನಾಲ್ಕು ಗಂಟೆಯೊಳಗೆ ಮೂರು. 13ರಂದು ಎರಡು, 15ರಂದು ಎರಡು, 18ರಂದು ಒಂದು, 19ರಂದು ಒಂದು. ಒಟ್ಟು 10, ಅದರಲ್ಲಿ ಎರಡು ಜೊತೆಗಾರರೊಂದಿಗೆ ಹಂಚಿಕೊಂಡದ್ದು. ಮರಣಾನಂತರ ಬಂದ ಡಿ.ಎಫ್.ಸಿ. ಪದಕದ ಘೋಷಣೆ, 1918ರ ಸೆಪ್ಟೆಂಬರ್ 21ರದ್ದು, 13 ದಿನಗಳಲ್ಲಿ ಒಂಬತ್ತು ಎನ್ನುತ್ತದೆ. ಈ ಒಂಬತ್ತು–ಹತ್ತರ ಜಗಳಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆ ಕಾಲದ ಲೆಕ್ಕದಲ್ಲಿ ಹಂಚಿಕೊಂಡದ್ದೂ ಸೇರುತ್ತಿತ್ತು, ಹತೋಟಿ ತಪ್ಪಿ ತಿರುಗುತ್ತಾ ಕೆಳಗಿಳಿದದ್ದೂ ಸೇರುತ್ತಿತ್ತು. ಅಲ್ಲಿಗೆ ಹೋಗಿ ಎಣಿಸಿದವರು ಯಾರು?

ಆ 13 ದಿನ ಆಕಾಶದಿಂದ ಉದುರಿದ್ದಲ್ಲ. ಮೊದಲ ಸ್ಕ್ವಾಡ್ರನ್‌ನ ಐದು ವಾರದಲ್ಲಿ ಅವನ ಹೆಸರಿಗೆ ಒಂದೂ ಇರಲಿಲ್ಲ. ಎರಡನೆಯದರಲ್ಲಿ ಜಾರ್ಜ್ ಮ್ಯಾಕೆಲ್‌ರಾಯ್ ಎಂಬ ಐರಿಷ್ ಕ್ಯಾಪ್ಟನ್ ಸಿಕ್ಕಿದ, ಆ ಕಾಲದ ಪಳಗಿದ ಕೈ. ಅವನ ರೆಕ್ಕೆಯ ಪಕ್ಕದಲ್ಲಿ ಹಾರಿ ಹುಡುಗ ಕಲಿತ. ನಿಮ್ಮ ಮಗನಿಗೆ ಈ ಭಾಗವನ್ನು ಒತ್ತಿ ಹೇಳಿ.

ಜುಲೈ 22ರಂದು ಕಾರ್ವಾನ್ ಊರಿನ ಮೇಲೆ ಜರ್ಮನರ ಫೋಕರ್ ಡಿ.7 ವಿಮಾನಗಳೊಂದಿಗೆ ಕಾದಾಡುವಾಗ ಇಂದ್ರಲಾಲ್ ಸತ್ತ. 19 ವರ್ಷ, ಏಳು ತಿಂಗಳು, 20 ದಿನ. ಆ ಬೇಸಿಗೆಯಲ್ಲಿ ಜರ್ಮನ್ ಪೈಲಟ್‌ಗಳ ಕೈಗೆ ಪ್ಯಾರಾಚೂಟ್ ಬರತೊಡಗಿತ್ತು, ಬ್ರಿಟಿಷ್ ಪೈಲಟ್‌ಗಳಿಗೆ ಇರಲಿಲ್ಲ. ನಾಲ್ಕು ದಿನಕ್ಕೆ, 26ರಂದು, ಮ್ಯಾನಾಕ್ ಹೋದ. 31ರಂದು ಗುರು ಮ್ಯಾಕೆಲ್‌ರಾಯ್ ಕೂಡ ಹೋದ. ಆಗ ಪೈಲಟ್‌ಗಳಾಗಿ ಕಮಿಷನ್ ಪಡೆದ ಭಾರತೀಯರು ನಾಲ್ವರು. ಇಂದ್ರಲಾಲ್ ಮತ್ತು ಮುಂಬಯಿಯ ವೆಲಿಂಕರ್ ಸತ್ತರು, ಸೇನ್ ಸೆರೆ ಸಿಕ್ಕಿದ. ಹರ್ದಿತ್ ಸಿಂಗ್ ಮಲಿಕ್ ಕಾಲಿನಲ್ಲಿ ಗುಂಡುಗಳನ್ನು ಇಟ್ಟುಕೊಂಡೇ ಮುಪ್ಪಿನವರೆಗೆ ಬದುಕಿ, ಸ್ವತಂತ್ರ ಭಾರತದ ರಾಯಭಾರಿಯಾಗಿ ಫ್ರಾನ್ಸಿಗೇ ಮರಳಿ ಹೋದರು. ನಾಲ್ವರ ಕಥೆಯನ್ನೂ ಒಟ್ಟಿಗೆ ಓದಲು ಮಗನಿಗೆ ಹೇಳಿ. ಒಬ್ಬನದೇ ಓದಿದರೆ ಕಣ್ಣು ಕುಕ್ಕುತ್ತದೆ.

ಇನ್ನು ನಿಮ್ಮ ಮನೆಯ ಕಣ್ಣು. ಮೈನಸ್ 0.75 ಎಂದರೆ ದೊಡ್ಡ ದೋಷವೇನಲ್ಲ. ತುಮಕೂರಿನ ಬಸ್ಸಿನ ಬೋರ್ಡು ಅವನಿಗೆ ಹೆಚ್ಚುಕಡಿಮೆ ಓದಲು ಬರುತ್ತದೆ. ಹಾಗಾದರೆ ಯಾಕೆ ಅನ್‌ಫಿಟ್? ಬೋರ್ಡಿನವರು ಸ್ವಲ್ಪ ಪ್ಲಸ್ ನಂಬರನ್ನು ಸಹಿಸುತ್ತಾರೆ, ಮೈನಸ್ಸನ್ನು ಸಹಿಸುವುದಿಲ್ಲ. ಇದು ಜನರಿಗೆ ಅನ್ಯಾಯದಂತೆ ಕಾಣುತ್ತದೆ. ಎಳೆಯ ಕಣ್ಣಿನ ಮಸೂರ ಉಬ್ಬಿ ಸಣ್ಣ ಪ್ಲಸ್ಸನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ, ಮೈನಸ್ಸನ್ನು ಸರಿದೂಗಿಸುವ ಶಕ್ತಿ ಅದಕ್ಕಿಲ್ಲ. ಮೇಲೆ ಮೋಡವಿಲ್ಲದ ಖಾಲಿ ಆಕಾಶದಲ್ಲಿ ನೆಟ್ಟು ನೋಡಲು ಏನೂ ಸಿಗದೆ ಕಣ್ಣು ತಾನಾಗಿ ಹತ್ತಿರದಲ್ಲೇ ನಿಲ್ಲುತ್ತದೆ. ಒಳ್ಳೆಯ ಕಣ್ಣಿಗೂ ಅಲ್ಲಿ ತಾತ್ಕಾಲಿಕ ಮೈನಸ್ ಬರುತ್ತದೆ. ಮೊದಲೇ ಇರುವ ಮೈನಸ್ಸಿಗೆ ಇದೂ ಸೇರಿದರೆ ದೂರದ ಚುಕ್ಕೆ ಕಾಣಿಸದು.

ವೇಗದ ಲೆಕ್ಕವೂ ಇದೆ. ಇಂದ್ರಲಾಲನ ಕಾಲದ ಎರಡು ವಿಮಾನ ಗಂಟೆಗೆ 200 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಬಂದರೆ ಸೆಕೆಂಡಿಗೆ ಸುಮಾರು 110 ಮೀಟರ್ ಹತ್ತಿರವಾಗುತ್ತಿದ್ದವು. ಇಂದಿನ ಎರಡು ಜೆಟ್ ತಲಾ 1,000 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ 550 ಮೀಟರಿಗೂ ಹೆಚ್ಚು. ಅವನಿಗೆ ಆದದ್ದು ನನಗೆ ಯಾಕಾಗಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

"ಆದರೆ ಕನ್ನಡಕ ಹಾಕಿದ ಫೈಟರ್ ಪೈಲಟ್‌ಗಳಿದ್ದಾರಲ್ಲ?" ಎಂದು ಮಗ ಕೇಳಿಯೇ ಕೇಳುತ್ತಾನೆ. ಇದ್ದಾರೆ. ಅವರು ಸೇರಿ, ಕಲಿತು, ಅನುಭವ ಬಂದ ಮೇಲೆ ನಂಬರ್ ಬಂದವರು. 18ರ ಕಣ್ಣು ಇನ್ನೂ ಬೆಳೆಯುತ್ತಿರುತ್ತದೆ. ಇವತ್ತಿನ 0.75 ತರಬೇತಿ ಮುಗಿಯುವ ಹೊತ್ತಿಗೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಯಾವ ಡಾಕ್ಟರೂ ಬರೆದುಕೊಡಲಾರ.

ಮುಂದೇನು ಮಾಡಬಹುದು? ಮೊದಲನೆಯದು ಮೇಲ್ಮನವಿ. ಅನ್‌ಫಿಟ್ ಆದವರಿಗೆ ಅಪೀಲ್ ಮೆಡಿಕಲ್ ಬೋರ್ಡ್ ಎಂಬ ಹಕ್ಕಿನ ದಾರಿ ಇದೆ, ಇಂದ್ರಲಾಲನ ಎರಡನೇ ಡಾಕ್ಟರಿಗೆ ಇಂದಿನ ರೂಪ ಅದೇ. ಬೋರ್ಡೂ ತಪ್ಪುತ್ತದೆ, ನಾನೇ ತಪ್ಪಿದ್ದೇನೆ. ಬೀದರ್ ಕಡೆಯಿಂದ ರಾತ್ರಿಯೆಲ್ಲ ರೈಲಿನಲ್ಲಿ ನಿಂತು ಬಂದ ಹುಡುಗನೊಬ್ಬನ ಕೆಂಪು ಕಣ್ಣು ನೋಡಿ, ಅಕ್ಷರ ತಪ್ಪಿದ್ದನ್ನು ಬರೆದುಕೊಂಡು ಅನ್‌ಫಿಟ್ ಅಂದಿದ್ದೆ. ಅಪೀಲಿನಲ್ಲಿ ಅವನು ನಿದ್ದೆ ಮಾಡಿ ಬಂದ, ಸಲೀಸಾಗಿ ಪಾಸಾದ. ಆಮೇಲೆ ನಾನು ಯಾವ ಹುಡುಗನನ್ನೂ "ರಾತ್ರಿ ಎಲ್ಲಿದ್ದೆ?" ಎಂದು ಕೇಳದೆ ಚಾರ್ಟಿನ ಮುಂದೆ ನಿಲ್ಲಿಸಿದ್ದಿಲ್ಲ. ಆದ್ದರಿಂದ ಒಳ್ಳೆಯ ನೇತ್ರತಜ್ಞರ ಹತ್ತಿರ ಹೋಗಿ, ಕಣ್ಣಿಗೆ ಡ್ರಾಪ್ಸ್ ಹಾಕಿಸಿ, ಪಾಪೆ ಅರಳಿಸಿ ಅಳೆಸಿ. ಅತಿಯಾಗಿ ಓದಿ, ಮೊಬೈಲ್ ನೋಡಿ ಮಾಂಸಖಂಡ ಬಿಗಿಹಿಡಿದು ಬಂದ ಸುಳ್ಳು ಮೈನಸ್ ಆಗಿದ್ದರೆ ಅಲ್ಲಿ ಬಯಲಾಗುತ್ತದೆ. ಹಾಗಾದರೆ ಅಪೀಲಿಗೆ ಅರ್ಥವಿದೆ. ಡ್ರಾಪ್ಸ್ ಹಾಕಿದ ಮೇಲೂ ಅಷ್ಟೇ ನಂಬರ್ ನಿಂತರೆ ಅಪೀಲ್ ಬೋರ್ಡೂ ಅದನ್ನೇ ಬರೆಯುತ್ತದೆ. ಖಾಸಗಿ ಡಾಕ್ಟರರ ಸರ್ಟಿಫಿಕೇಟ್ ಬಾಗಿಲು ತಟ್ಟಲಿಕ್ಕಷ್ಟೇ ಆದೀತು.

ಲೇಸರ್ ವಿಷಯದಲ್ಲಿ ನೀವು ಅವಸರ ಮಾಡಿದರೆ ಇರುವ ದಾರಿಯೂ ಮುಚ್ಚುತ್ತದೆ. ವಾಯುಪಡೆ 20 ವರ್ಷಕ್ಕೆ ಮುಂಚೆ ಮಾಡಿಸಿದ ಲೇಸರನ್ನು ಒಪ್ಪುವುದಿಲ್ಲ. ಎನ್‌ಡಿಎ ಸೇರುವ ವಯಸ್ಸು 19½ಕ್ಕೇ ಮುಗಿಯುತ್ತದೆ. ಎಂದರೆ ಎನ್‌ಡಿಎಗೆ ಲೇಸರ್ ದಾರಿಯೇ ಅಲ್ಲ. ಪದವಿ ಮುಗಿಸಿ ವಾಯುಪಡೆಯ ಎಎಫ್‌ಕ್ಯಾಟ್ ಪ್ರವೇಶ ಪರೀಕ್ಷೆ ಮೂಲಕ 20ರಿಂದ 24ರೊಳಗೆ ಹೋಗುವವರಿಗೆ ಇದನ್ನು ಯೋಚಿಸಬಹುದು. ಅದಕ್ಕೂ ಆಪರೇಷನ್ ಆಗಿ ವರ್ಷ ಕಳೆದಿರಬೇಕು, ಕಾರ್ನಿಯಾ, ಎಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಸಾಕಷ್ಟು ದಪ್ಪ ಉಳಿದಿರಬೇಕು, ಕಣ್ಣುಗುಡ್ಡೆಯ ಉದ್ದ ಮಿತಿಯಲ್ಲಿರಬೇಕು. ಆ ಉದ್ದವನ್ನು ಯಾವ ಲೇಸರೂ ಕಡಿಮೆ ಮಾಡದು, ಅದು ಕೆತ್ತುವುದು ಮುಂದಿನ ಗಾಜನ್ನು ಮಾತ್ರ. ಆಯಾ ವರ್ಷದ ಅಧಿಸೂಚನೆ ಓದದೆ ಹೆಜ್ಜೆ ಇಡಬೇಡಿ. ಕಣ್ಣು ಒಣಗುವುದು, ರಾತ್ರಿ ದೀಪದ ಸುತ್ತ ಬಳೆ ಕಾಣುವುದು, ನಂಬರ್ ಸ್ವಲ್ಪ ಮರಳುವುದು, ಇವು ಪೈಲಟ್ ಆಗಲಿ ಬಿಡಲಿ ಜೊತೆಗೇ ಉಳಿಯಬಹುದಾದ ತೊಂದರೆಗಳು. ಮಾಡಿಸಿ ಮುಚ್ಚಿಡೋಣ ಎಂದರೆ ಕಾರ್ನಿಯಾದ ನಕ್ಷೆ ತೆಗೆದ ಕೂಡಲೇ ಗೊತ್ತಾಗುತ್ತದೆ. ರಾತ್ರಿ ಹಾಕಿಕೊಂಡು ಮಲಗುವ ಗಟ್ಟಿ ಲೆನ್ಸಿನ ಉಪಾಯವೂ ಅಲ್ಲೇ ಸಿಕ್ಕಿಬೀಳುತ್ತದೆ.

ಹಾರಲೇಬೇಕು ಎನ್ನುವುದಾದರೆ ಸಿವಿಲ್ ಪೈಲಟ್ ಆಗಬಹುದು. ಅಲ್ಲಿ ಕನ್ನಡಕ ಹಾಕಿಯೂ ಕ್ಲಾಸ್ 1 ಮೆಡಿಕಲ್ ಸಿಗುತ್ತದೆ. ಖರ್ಚು ಮಾತ್ರ ಲಕ್ಷಗಟ್ಟಲೆ, ಕೋರ್ಸ್ ಮುಗಿದ ಕೂಡಲೇ ಕೆಲಸ ಕಾದಿರುತ್ತದೆ ಎಂಬ ಖಾತ್ರಿ ಇಲ್ಲ. ಫ್ಲೈಯಿಂಗ್ ಸ್ಕೂಲಿಗೆ ಫೀಸು ಕಟ್ಟಿ ಆಮೇಲೆ ಮೆಡಿಕಲ್ ಮಾಡಿಸಿ ಅಳುತ್ತಾ ಬಂದವರನ್ನು ಕಂಡಿದ್ದೇನೆ. ಮೊದಲು ಮೆಡಿಕಲ್, ಆಮೇಲೆ ಫೀಸು. ವಾಯುಪಡೆಯೇ ಬೇಕೆಂದರೆ ನೆಲದ ಶಾಖೆಗಳಲ್ಲಿ ಕಣ್ಣಿನ ನಿಯಮ ಸಡಿಲ. ಎಂಜಿನಿಯರ್, ಹವಾಮಾನ, ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್, ಹೀಗೆ ಹಲವಿವೆ. 18ರ ಹುಡುಗನಿಗೆ ಇದು ಸಮಾಧಾನ ಪಾರಿತೋಷಕದಂತೆ ಕೇಳಿಸುತ್ತದೆ, ಗೊತ್ತು. ಈ ವಾರವೇ ಹೇಳಬೇಡಿ.

ಕೊನೆಗೆ ಆ ತಾಯಿ. ಲೋಲಿತಾ ರಾಯ್ ಮನೆಯೊಳಗೆ ಕೂತು ಕಾದವರಲ್ಲ. 1911ರ ಜೂನ್ 17ರಂದು ಮತದಾನದ ಹಕ್ಕಿಗಾಗಿ ಸುಮಾರು 40,000 ಹೆಂಗಸರು ಲಂಡನ್ನಿನ ಬೀದಿಯಲ್ಲಿ ಹೊರಟ ಮೆರವಣಿಗೆಯಲ್ಲಿ ಭಾರತೀಯ ಮಹಿಳೆಯರ ಗುಂಪು ಕಟ್ಟಿ, ಸೀರೆ ಉಟ್ಟು ನಡೆದರು. ಆ ಫೋಟೋ ಇಂದಿಗೂ ಸಿಗುತ್ತದೆ. ಆಗ ಇಂದ್ರನಿಗೆ 12. ಯುದ್ಧ ಬಂದಾಗ ದೊಡ್ಡ ಮಗ ಪರೇಶ್ ಸೈನ್ಯಕ್ಕೆ ಹೋದ, ಹಿಂದೆಯೇ ಇವನು ಹೊರಟ. ಶಾಲೆಯ ಜೊತೆಗಾರರೆಲ್ಲ ಹೋಗುತ್ತಿದ್ದ ಕಾಲ. "ಹೇಗೆ ಒಪ್ಪಿದರು" ಎಂದು ಕೇಳಿದ್ದೀರಿ. 18ರ ಮಗ ಅಮ್ಮನ ಒಪ್ಪಿಗೆಗೆ ಎಷ್ಟು ಕಾಯುತ್ತಾನೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಪರೇಶ್ ಬದುಕಿ ಮರಳಿದ, ಭಾರತದಲ್ಲಿ ಬಾಕ್ಸಿಂಗ್ ಬೆಳೆಸಿ ಅದರ ಪಿತಾಮಹ ಎನಿಸಿಕೊಂಡ. ಇಂದ್ರನ ಸಮಾಧಿ ಉತ್ತರ ಫ್ರಾನ್ಸಿನ ಎಸ್ತೆವೆಲ್ ಎಂಬ ಹಳ್ಳಿಯ ಸ್ಮಶಾನದಲ್ಲಿದೆ. ಅದರ ಮೇಲೆ ಬಂಗಾಳಿಯಲ್ಲಿ, ಇದು ಮಹಾವೀರನ ಸಮಾಧಿ, ಗೌರವ ತೋರಿ, ಮುಟ್ಟಬೇಡಿ ಎಂದು ಕೆತ್ತಿದೆ. ಆ ಊರಿನಲ್ಲಿ ಬಂಗಾಳಿ ಓದುವವರು ಆಗ ಯಾರಿದ್ದರು? ಆದರೂ ಕೆತ್ತಿಸಿದರು.

ನಿಮಗಾದ ಸಮಾಧಾನ ತಪ್ಪಲ್ಲ. ಅನ್‌ಫಿಟ್ ಎಂದು ಹೇಳಿ ಹೊರಗೆ ಬಂದಾಗ, ಬೆಂಚಿನ ಮೇಲೆ ಮಗನ ಹೆಗಲು ಹಿಡಿದು ಕೂತ ಎಷ್ಟೋ ತಾಯಂದಿರ ಮುಖದಲ್ಲಿ ನಾನು ಅದನ್ನೇ ನೋಡಿದ್ದೇನೆ. ಹುಡುಗನಿಗೆ ಅದು ಕಾಣದ ಹಾಗೆ ಅವರು ಬೇರೆ ಕಡೆ ನೋಡುತ್ತಿದ್ದರು. ಆದರೆ ಆ ಸಮಾಧಾನ ಅಪೀಲಿನ ಕಾಗದವನ್ನು ಬೀರುವಿನಲ್ಲಿ ಮರೆಯುವ ಹಾಗೆ ಮಾಡದಿರಲಿ. ಬೋರ್ಡಿನವರು ಕೊಟ್ಟ ಚೀಟಿಯಲ್ಲಿ ಎಷ್ಟು ದಿನದೊಳಗೆ ಅಪೀಲ್ ಹಾಕಬೇಕೆಂದು ಇರುತ್ತದೆ. ನಿಮ್ಮ ಪತ್ರದಲ್ಲಿ ಮೆಡಿಕಲ್ ಆದ ತಾರೀಕು ಬರೆದಿಲ್ಲ. ಇವತ್ತು ಸಂಜೆ ಮೊದಲು ಅದನ್ನು ತೆಗೆದು ನೋಡಿ.